ಟ್ರೆಬುಶೆ: ಏತದ ತುದಿಗೆ ಕವಣೆ ಕಟ್ಟಿದ ಯಂತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಟೆ ಮುತ್ತಿಗೆ, ಕಲ್ಲೆಸೆಯುವ ಯಂತ್ರ ಎಂದ ಕೂಡಲೇ ಜನ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೆಲವು ಮಾತಿನ ನಡುವೆ ಬಂದವು, ಕೆಲವು ಪತ್ರದಲ್ಲಿ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಸ್ವಲ್ಪ ಆಳದವು. ಎಲ್ಲವನ್ನೂ ಓದಲೇಬೇಕು ಅಂತೇನಿಲ್ಲ, ಬೇಕಾದ್ದಕ್ಕೆ ನೇರವಾಗಿ ಹೋಗಬಹುದು.

## ಮೊದಲ ಪರಿಚಯ

ಟ್ರೆಬುಶೆ ಅಂದ್ರೆ ಏನು? ಒಂದೇ ಮಾತಲ್ಲಿ ಹೇಳಿ.

ಏತದ ತುದಿಗೆ ಕವಣೆ ಕಟ್ಟಿದರೆ ಟ್ರೆಬುಶೆ.

ಬಾವಿಯ ಏತ ನೋಡಿದವರಿಗೆ ಮುಂದಿನದು ತಾನಾಗಿಯೇ ಅರ್ಥವಾಗುತ್ತದೆ. ಒಂದು ಕಂಬ, ಅದರ ಮೇಲೆ ಅಡ್ಡಲಾಗಿ ಉದ್ದನೆಯ ಮರ. ಒಂದು ತುದಿಯಲ್ಲಿ ನೀರೆತ್ತುವ ಬಾನಿ, ಇನ್ನೊಂದು ತುದಿಗೆ ಕಲ್ಲಿನ ಭಾರ. ಭಾರ ಕೆಳಗಿಳಿದಾಗ ಬಾನಿ ಮೇಲೇರುತ್ತದೆ. ಟ್ರೆಬುಶೆಯಲ್ಲೂ ಅಷ್ಟೇ. ಆದರೆ ಭಾರ ಕೆಲವು ಟನ್ ಇರುತ್ತದೆ, ಬಾನಿಯ ಜಾಗದಲ್ಲಿ ಹಗ್ಗದ ಕವಣೆ ಇರುತ್ತದೆ, ಕವಣೆಯೊಳಗೆ ಒಂದು ದುಂಡು ಕಲ್ಲು. ಭಾರ ಧಡ್ ಅಂತ ಇಳಿದಾಗ ಮರದ ಉದ್ದ ತುದಿ ಮೇಲಕ್ಕೆ ಹಾರುತ್ತದೆ, ಅದರ ಹಿಂದೆ ಕವಣೆ ಸುತ್ತಿ ಬಂದು ಕಲ್ಲನ್ನು ಬಿಡುತ್ತದೆ.

ಇದೂ ಕ್ಯಾಟಪಲ್ಟೂ ಒಂದೇ ಅಲ್ವಾ?

ಕಲ್ಲೆಸೆಯುವ ಎಲ್ಲ ಯಂತ್ರಕ್ಕೂ ಕ್ಯಾಟಪಲ್ಟ್ ಅನ್ನುವ ರೂಢಿ ಇದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಶಕ್ತಿ ಎಲ್ಲಿಂದ ಬರುತ್ತದೆ ಅಂತ ಕೇಳಿದರೆ ಎರಡೂ ಬೇರೆ. ಗ್ರೀಕರು, ರೋಮನ್ನರು ಬಳಸಿದ ಯಂತ್ರಗಳಲ್ಲಿ ಪ್ರಾಣಿಗಳ ಸ್ನಾಯು ಅಥವಾ ಕೂದಲಿನ ಹುರಿಯನ್ನು ಬಿಗಿಯಾಗಿ ತಿರುಚಿ, ಆ ಹುರಿ ಬಿಚ್ಚಿಕೊಳ್ಳುವ ರಭಸದಿಂದ ಕಲ್ಲನ್ನು ಎಸೆಯುತ್ತಿದ್ದರು. ಮಳೆ ಬಂದು ಹುರಿ ನೆನೆದರೆ ಬಿಗಿ ಹೋಗುತ್ತಿತ್ತು. ಟ್ರೆಬುಶೆಗೆ ಆ ತೊಂದರೆ ಇಲ್ಲ. ಮಳೆಗಾಲದಲ್ಲೂ ಬೇಸಿಗೆಯಲ್ಲೂ ಭಾರ ಭಾರವೇ.

ಸಿನಿಮಾಗಳಲ್ಲಿ ತೋರಿಸುವ, ಸೌಟಿನಂಥ ತೋಳಿನ ಮೇಲೆ ಕಲ್ಲಿಟ್ಟು ಹಾರಿಸುವ ಯಂತ್ರವಿದೆಯಲ್ಲ, ಮಧ್ಯಯುಗದ ದೊಡ್ಡ ಮುತ್ತಿಗೆಗಳಲ್ಲಿ ಗೋಡೆ ಒಡೆದದ್ದು ಅದಲ್ಲ.

ಯಾರು ಕಂಡುಹಿಡಿದ್ರು?

ಒಬ್ಬರ ಹೆಸರು ಹೇಳಲು ಆಗುವುದಿಲ್ಲ. ಮೊದಲ ರೂಪ ಚೀನಾದ್ದು, ಕ್ರಿಸ್ತಪೂರ್ವ ಕಾಲದ್ದು. ಅದರಲ್ಲಿ ಭಾರದ ಪೆಟ್ಟಿಗೆ ಇರಲಿಲ್ಲ. ಮರದ ಗಿಡ್ಡ ತುದಿಗೆ ಹತ್ತಾರು ಹಗ್ಗ ಕಟ್ಟಿ, ಜನ ಸಾಲಾಗಿ ನಿಂತು ಒಟ್ಟಿಗೆ ಎಳೆಯುತ್ತಿದ್ದರು. 6ನೇ ಶತಮಾನದ ಕೊನೆಯ ಹೊತ್ತಿಗೆ ಅದು ಪಶ್ಚಿಮಕ್ಕೆ ಬಂದಿತ್ತು. ಆವಾರರು ಎಂಬ ಅಲೆಮಾರಿ ಯೋಧರು ಗ್ರೀಸಿನ ಥೆಸಲೊನೀಕಿ ನಗರಕ್ಕೆ ಮುತ್ತಿಗೆ ಹಾಕಿದಾಗ ಅಲ್ಲಿನ ಆರ್ಚ್‌ಬಿಷಪ್ ಇವನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ.

ಜನರ ಬದಲು ಭಾರ ಇಳಿಬಿಡುವ ರೂಪ ಬಂದದ್ದು 12ನೇ ಶತಮಾನದಲ್ಲಿ, ಮೆಡಿಟರೇನಿಯನ್ ಸುತ್ತಲಿನ ನಾಡುಗಳಲ್ಲಿ. 1187ರ ಸುಮಾರಿಗೆ ಈಜಿಪ್ಟ್, ಸಿರಿಯಾಗಳ ಸುಲ್ತಾನ ಸಲಾದಿನ್‌ಗಾಗಿ ಅಲ್-ತರ್ಸೂಸಿ ಎಂಬವನು ಬರೆದ ಆಯುಧಗಳ ಪುಸ್ತಕದಲ್ಲಿ ಅಂಥ ಒಂದು ಯಂತ್ರದ ವಿವರವೂ ಚಿತ್ರವೂ ಇದೆ. ಅವನು ಅದನ್ನು ಪರ್ಷಿಯನ್ ಮಂಜನೀಕ್ ಎಂದು ಕರೆಯುತ್ತಾನೆ. ಮಂಜನೀಕ್ ಅಂದರೆ ಅರಬ್ಬಿಯಲ್ಲಿ ಕಲ್ಲೆಸೆಯುವ ಯಂತ್ರ.

ಜನ ಹಗ್ಗ ಎಳೆದು ಎಸೆಯೋದು ನಿಜವಾಗ್ಲೂ ಕೆಲಸ ಮಾಡುತ್ತಾ? ಸುಮ್ನೆ ಆಟದ ಥರ ಅನ್ಸುತ್ತೆ.

ಚೆನ್ನಾಗಿಯೇ ಕೆಲಸ ಮಾಡುತ್ತದೆ. ವೇಗದಲ್ಲಿ ಭಾರದ ಯಂತ್ರ ಅದರ ಹತ್ತಿರಕ್ಕೂ ಬರುವುದಿಲ್ಲ. ಭಾರದ ಪೆಟ್ಟಿಗೆಯನ್ನು ಪ್ರತಿ ಸಲ ಮೇಲೆತ್ತಬೇಕು. ಹಗ್ಗ ಎಳೆಯುವವರು ಮಾತ್ರ ಎಳೆದರು, ಬಿಟ್ಟರು, ಮತ್ತೆ ಎಳೆದರು, ಅಷ್ಟೇ.

1147ರಲ್ಲಿ ಲಿಸ್ಬನ್ ಮುತ್ತಿಗೆಯಲ್ಲಿ ಎರಡು ಇಂಥ ಯಂತ್ರಗಳನ್ನು ನೂರು ನೂರು ಜನರ ಪಾಳಿಯಲ್ಲಿ ನಡೆಸಿ, ಹತ್ತು ಗಂಟೆಗಳಲ್ಲಿ 5,000 ಕಲ್ಲು ಎಸೆದರು ಎಂದು ಅಲ್ಲಿದ್ದವನೊಬ್ಬ ಬರೆದಿದ್ದಾನೆ. ಲೆಕ್ಕ ಹಾಕಿ ನೋಡಿ: ಒಂದು ಯಂತ್ರದಿಂದ ಗಂಟೆಗೆ 250, ಅಂದರೆ 14-15 ಸೆಕೆಂಡಿಗೆ ಒಂದು ಕಲ್ಲು. ಕಲ್ಲು ಚಿಕ್ಕದು, ಗೋಡೆ ಬೀಳದೆ ಇರಬಹುದು. ಆದರೆ ಗೋಡೆಯ ಮೇಲೆ ತಲೆ ಎತ್ತುವ ಧೈರ್ಯ ಯಾರಿಗಿರುತ್ತದೆ?

ಎಳೆಯಲು ಸೈನಿಕರೇ ಬೇಕು ಅಂತಲೂ ಇರಲಿಲ್ಲ. 1218ರ ಜೂನ್‌ನಲ್ಲಿ ಫ್ರಾನ್ಸಿನ ಟುಲೂಸ್ ನಗರವನ್ನು ಮುತ್ತಿದ್ದ ಸೇನಾಪತಿ ಸಿಮೋನ್ ದ ಮಾಂಫೋರ್ ಇಂಥದೊಂದು ಕಲ್ಲು ತಲೆಗೆ ಬಡಿದು ಸತ್ತ. ಆ ಯಂತ್ರವನ್ನು ಎಳೆಯುತ್ತಿದ್ದವರು ಊರಿನ ಹೆಂಗಸರು, ಹುಡುಗಿಯರು ಎಂದು ಆ ಕಾಲದ ಕಾವ್ಯವೊಂದು ಹೇಳುತ್ತದೆ. ಈ ಯಂತ್ರದ ಕಥೆಯಲ್ಲಿ ನನಗೆ ತುಂಬಾ ಹಿಡಿಸಿದ ಪ್ರಸಂಗ ಇದು. ರಾಜರ, ದಂಡನಾಯಕರ ಹೆಸರುಗಳೇ ತುಂಬಿದ ಇತಿಹಾಸದಲ್ಲಿ ಹಗ್ಗ ಹಿಡಿದ ಕೈಗಳು ಕಾಣಿಸುವುದು ಅಪರೂಪ.

## ಹೇಗೆ ಕೆಲಸ ಮಾಡುತ್ತೆ

ಕವಣೆ ಯಾಕೆ ಬೇಕು? ಮರದ ತುದಿಗೆ ಒಂದು ಬುಟ್ಟಿ ಕಟ್ಟಿದ್ರೆ ಆಗಲ್ವಾ?

ಆಗುತ್ತದೆ, ಆದರೆ ಕಲ್ಲು ಹತ್ತಿರದಲ್ಲೇ ಬೀಳುತ್ತದೆ. ಕವಣೆ ಮರದ ತೋಳನ್ನು ಉದ್ದ ಮಾಡುತ್ತದೆ, ತೂಕ ಮಾತ್ರ ಸೇರಿಸುವುದಿಲ್ಲ. ಜೊತೆಗೆ ಚಾಟಿ ಬೀಸಿದ ಹಾಗೆ ಕೊನೆ ಗಳಿಗೆಯಲ್ಲಿ ವೇಗ ಒಮ್ಮೆಲೇ ಏರುತ್ತದೆ.

ಜೋಳದ ಹೊಲದಲ್ಲಿ ಅಟ್ಟಣೆಯ ಮೇಲೆ ನಿಂತು ಹಕ್ಕಿ ಓಡಿಸುವವರ ಕೈಯನ್ನು ಹತ್ತಿರದಿಂದ ನೋಡಿದ್ದೀರಾ? ಕವಣೆಗೆ ಎರಡು ಹುರಿ. ಒಂದರ ತುದಿಯ ಕುಣಿಕೆ ಬೆರಳಿಗೆ ಸಿಕ್ಕಿಸಿರುತ್ತದೆ, ಅದು ಬಿಡುವುದಿಲ್ಲ. ಇನ್ನೊಂದನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದಿರುತ್ತಾರೆ. ತಲೆಯ ಮೇಲೆ ಬೀಸಿ, ಸರಿಯಾದ ಕ್ಷಣಕ್ಕೆ ಹೆಬ್ಬೆರಳು ಸಡಿಲಿಸುತ್ತಾರೆ. ಟ್ರೆಬುಶೆಯಲ್ಲೂ ಹುರಿ ಎರಡೇ. ಒಂದನ್ನು ಮರದ ತುದಿಗೆ ಗಟ್ಟಿಯಾಗಿ ಕಟ್ಟಿರುತ್ತಾರೆ. ಇನ್ನೊಂದರ ತುದಿಯಲ್ಲಿ ಬಳೆ, ಆ ಬಳೆಯನ್ನು ಮರದ ತುದಿಯ ಕಬ್ಬಿಣದ ಮೊಳೆಗೆ ಸಿಕ್ಕಿಸಿರುತ್ತಾರೆ. ಕವಣೆ ಸುತ್ತಿ ಬಂದಾಗ ಬಳೆ ಮೊಳೆಯಿಂದ ಜಾರುತ್ತದೆ, ಕಲ್ಲು ಹಾರುತ್ತದೆ. ರೈತನ ಹೆಬ್ಬೆರಳು ಮಾಡುವ ಕೆಲಸವನ್ನು ಇಲ್ಲಿ ಒಂದು ಮೊಳೆ ಮಾಡುತ್ತದೆ.

ಎಷ್ಟು ಭಾರ ಇಟ್ಟರೆ ಎಷ್ಟು ಕಲ್ಲು ಹೋಗುತ್ತೆ?

ಕಲ್ಲಿನ ತೂಕದ ನೂರರಷ್ಟು ಭಾರ ಎಂದು ಹಿಡಿದುಕೊಂಡರೆ ಒಳ್ಳೆಯ ಫಲ ಸಿಗುತ್ತದೆ. ಮರದ ಉದ್ದ ಭಾಗ ಗಿಡ್ಡ ಭಾಗದ ನಾಲ್ಕರಿಂದ ಆರು ಪಟ್ಟು ಇರಬೇಕು. ಇದು ಕಟ್ಟಿ ನೋಡಿದವರ ಅನುಭವದ ಲೆಕ್ಕ. ಇದಕ್ಕಿಂತ ಹೆಚ್ಚು ಕಡಿಮೆ ಮಾಡಿದರೂ ಕಲ್ಲು ಹಾರುತ್ತದೆ, ಆದರೆ ದೂರ ಕಡಿಮೆಯಾಗುತ್ತದೆ ಇಲ್ಲವೇ ಚೌಕಟ್ಟಿಗೆ ಪೆಟ್ಟು ಬೀಳುತ್ತದೆ.

13ನೇ ಶತಮಾನದ ಫ್ರೆಂಚ್ ಕುಶಲಕರ್ಮಿ ವಿಲಾರ್ ದ ಒನ್‌ಕೂರ್ ತನ್ನ ಚಿತ್ರಪುಸ್ತಕದಲ್ಲಿ ಒಂದು ಟ್ರೆಬುಶೆಯ ತಳಪಾಯವನ್ನು ಬರೆದಿದ್ದಾನೆ. ಮಣ್ಣು ತುಂಬುವ ಪೆಟ್ಟಿಗೆಯ ಅಳತೆಯನ್ನೂ ಕೊಟ್ಟಿದ್ದಾನೆ. ಅದನ್ನು ತುಂಬಿದರೆ ಸುಮಾರು 30 ಟನ್ ಆಗುತ್ತದೆ ಎಂದು ಈಗಿನವರು ಲೆಕ್ಕ ಹಾಕಿದ್ದಾರೆ. ಮೇಲಿನ ಭಾಗ ಹೇಗಿತ್ತು ಎಂದು ತೋರಿಸುವ ಹಾಳೆ ಮಾತ್ರ ಕಳೆದುಹೋಗಿದೆ. ಆ ಒಂದು ಹಾಳೆ ಸಿಕ್ಕಿದ್ದರೆ ಎಷ್ಟೋ ವಾದಗಳು ಮುಗಿಯುತ್ತಿದ್ದವು.

ಗುರಿ ಸರಿಯಾಗಿ ಹಿಡಿಯೋಕೆ ಆಗ್ತಿತ್ತಾ, ಅಥವಾ ಎಲ್ಲಿ ಬೀಳುತ್ತೋ ಬೀಳಲಿ ಅಂತ ಎಸೀತಿದ್ರಾ?

ಗುರಿ ಆಗುತ್ತಿತ್ತು. ಡೆನ್ಮಾರ್ಕಿನಲ್ಲಿ 1989ರಲ್ಲಿ ಒಂದು ಟ್ರೆಬುಶೆಯನ್ನು ಹಳೆಯ ರೀತಿಯಲ್ಲೇ ಕಟ್ಟಿದರು. ಅದು ಸುಮಾರು 180 ಮೀಟರ್ ದೂರಕ್ಕೆ ಎಸೆದ ಗುಂಡುಗಳು 6 ಮೀಟರ್ ಚೌಕದೊಳಗೇ ಬಿದ್ದವು. ಅಂದರೆ ಒಂದು ಮನೆಯ ಅಂಗಳದಷ್ಟು ಜಾಗ. ಕೋಟೆಯ ಗೋಡೆ ಎಲ್ಲಿಗೂ ಓಡಿಹೋಗುವುದಿಲ್ಲ, ಅಲ್ವಾ? ಅದೇ ಜಾಗಕ್ಕೆ ಮತ್ತೆ ಮತ್ತೆ ಹೊಡೆದರೆ ಸಾಕು.

ಆದರೆ ಕಲ್ಲುಗಳೆಲ್ಲ ಒಂದೇ ತೂಕ, ಒಂದೇ ಆಕಾರದಲ್ಲಿರಬೇಕು. ಸಿಕ್ಕ ಸಿಕ್ಕ ಬಂಡೆ ಎತ್ತಿ ಎಸೆದರೆ ಒಂದೊಂದು ಒಂದೊಂದು ಕಡೆ ಬೀಳುತ್ತದೆ. ಅದಕ್ಕೇ ಮುತ್ತಿಗೆ ಹಾಕಿದ ಪಾಳೆಯದಲ್ಲಿ ಬಡಗಿಗಳ ಜೊತೆ ಕಲ್ಲುಕುಟಿಗರೂ ಬೇಕಿತ್ತು. ದುಂಡಗೆ ಕೆತ್ತುವುದು, ತೂಗುವುದು, ರಾಶಿ ಹಾಕುವುದು ದಿನವಿಡೀ ಅವರ ಕೆಲಸ. ಪ್ಯಾಲೆಸ್ಟೀನಿನ ಕರಾವಳಿಯ ಏಕರ್ ಪಟ್ಟಣದ 1191ರ ಮುತ್ತಿಗೆಗೆ ಇಂಗ್ಲೆಂಡಿನ ರಾಜ ರಿಚರ್ಡ್ ಸಿಸಿಲಿಯ ಮೆಸ್ಸಿನಾದಿಂದ ಗಟ್ಟಿ ಕಲ್ಲುಗಳನ್ನು ಹಡಗಿನಲ್ಲಿ ಹೇರಿಕೊಂಡು ಬಂದ. ಕಲ್ಲನ್ನು ಸಮುದ್ರ ದಾಟಿಸುವಷ್ಟು ಅದಕ್ಕೆ ಬೆಲೆ ಇತ್ತು.

ಈಗ ಎಲ್ಲಾದರೂ ನೋಡಬಹುದಾ? ಎಷ್ಟು ದೊಡ್ಡದಿರುತ್ತೆ?

ಇಂಗ್ಲೆಂಡಿನ ವಾರಿಕ್ ಕೋಟೆಯಲ್ಲಿ 2005ರಲ್ಲಿ ಕಟ್ಟಿದ್ದು ಹೆಸರುವಾಸಿ. 18 ಮೀಟರ್ ಎತ್ತರ, ಅಂದರೆ ಐದಾರು ಮಹಡಿ. ತೂಕ 22 ಟನ್. ದೊಡ್ಡ ಚಕ್ರದೊಳಗೆ ಮನುಷ್ಯರು ನಡೆದು, ಹಗ್ಗ ಸುತ್ತಿ, ಭಾರವನ್ನು ಮೇಲೆತ್ತುತ್ತಾರೆ. 36 ಕೆಜಿ ಗುಂಡನ್ನು 300 ಮೀಟರ್‌ವರೆಗೂ ಎಸೆಯಬಲ್ಲದು ಎಂದು ಅದರ ಲೆಕ್ಕ. ಅಷ್ಟು ದೂರ ಹೋಗಬೇಕಾದರೆ ಗುಂಡು ಗಂಟೆಗೆ 200 ಕಿಲೋಮೀಟರ್ ಹತ್ತಿರದ ವೇಗದಲ್ಲಿ ಹೊರಡಬೇಕು. ಮರ, ಹಗ್ಗ, ಮಣ್ಣಿನಿಂದ ಇಷ್ಟು ವೇಗ! ಎಷ್ಟು ಸಲ ಹೇಳಿದರೂ ನನಗೆ ಬೆರಗು ಕಡಿಮೆಯಾಗಿಲ್ಲ.

## ಮುತ್ತಿಗೆಗಳ ಕಥೆ

ಎಲ್ಲಕ್ಕಿಂತ ದೊಡ್ಡ ಟ್ರೆಬುಶೆ ಯಾವುದು? ವಾರ್‌ವುಲ್ಫ್ ಅಂತ ಕೇಳಿದ್ದೆ.

ಹೆಸರಿನಿಂದ ದೊಡ್ಡದು ಅದೇ. 1304ರಲ್ಲಿ ಇಂಗ್ಲೆಂಡಿನ ರಾಜ ಮೊದಲನೆಯ ಎಡ್ವರ್ಡ್ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಕೋಟೆಗೆ ಮುತ್ತಿಗೆ ಹಾಕಿದ. ಕೋಟೆಯೊಳಗೆ ಇದ್ದವರು ಸುಮಾರು 30 ಜನ, ಮುಖ್ಯಸ್ಥ ವಿಲಿಯಂ ಆಲಿಫೆಂಟ್. ಹೊರಗೆ ಹತ್ತಕ್ಕೂ ಜಾಸ್ತಿ ಯಂತ್ರಗಳು. ಭಾರಕ್ಕೆ ಸೀಸ ಬೇಕಾಯಿತು. ಸುತ್ತಲಿನ ಚರ್ಚುಗಳ ಛಾವಣಿಯ ಸೀಸವನ್ನು ಕಿತ್ತು ತರಲು ಎಡ್ವರ್ಡ್ ಆಜ್ಞೆ ಮಾಡಿದ, ಪೂಜೆಯ ಪೀಠದ ಮೇಲಿನ ಭಾಗವನ್ನು ಮಾತ್ರ ಬಿಡಿ ಎಂದ.

ವಾರ್‌ವುಲ್ಫ್ ಕಟ್ಟಲು ಐವರು ಮೇಸ್ತ್ರಿ ಬಡಗಿಗಳು, ಸುಮಾರು 50 ಕೆಲಸಗಾರರು ಸೇರಿದರು. ಅದು ಮುಗಿಯುವ ಹೊತ್ತಿಗೆ ಒಳಗಿದ್ದವರು ಶರಣಾಗುತ್ತೇವೆ ಎಂದು ಹೇಳಿ ಕಳಿಸಿದರು. ಎಡ್ವರ್ಡ್ ಒಪ್ಪಲಿಲ್ಲ. ಯಂತ್ರದ ಏಟು ನೋಡುವ ತನಕ ಯಾರೂ ಕೋಟೆಯಿಂದ ಹೊರಗೆ ಬರಕೂಡದು, ಒಳಗೂ ಹೋಗಕೂಡದು ಎಂದ. ಕಲ್ಲು ಹೊಡೆದಾದ ಮೇಲೆಯೇ ಅವರನ್ನು ಹೊರಗೆ ಬಿಟ್ಟದ್ದು. ಎಷ್ಟೋ ಜನ ಇದನ್ನು ತಮಾಷೆಯ ಕಥೆಯಾಗಿ ಹೇಳುತ್ತಾರೆ. ಕೈ ಎತ್ತಿದವರ ಮೇಲೆ, ನೋಡುವ ಆಸೆಗೆ ಕಲ್ಲು ಎಸೆಯುವುದು ಕ್ರೌರ್ಯ. ಅದನ್ನು ಹಾಗೆಂದೇ ಕರೆಯಬೇಕು.

ಇಷ್ಟು ದೊಡ್ಡದನ್ನ ಯುದ್ಧಭೂಮಿಗೆ ಹೇಗೆ ಸಾಗಿಸ್ತಿದ್ರು?

ಬಿಡಿ ಬಿಡಿಯಾಗಿ, ಗಾಡಿಯಲ್ಲಿ, ಬಹಳ ಕಷ್ಟಪಟ್ಟು. ಇದಕ್ಕೆ ಒಳ್ಳೆಯ ಸಾಕ್ಷಿ ಅಬುಲ್ ಫಿದಾ. ಮುಂದೆ ಹಮಾ ಪಟ್ಟಣದ ಅರಸನಾಗಿ, ಇತಿಹಾಸಕಾರನಾಗಿ ಹೆಸರು ಮಾಡಿದವನು. 1291ರಲ್ಲಿ ಈಜಿಪ್ಟನ್ನು ಆಳುತ್ತಿದ್ದ ಮಾಮ್ಲೂಕರು ಏಕರ್ ಮೇಲೆ ದಂಡೆತ್ತಿದಾಗ ಅವನಿಗೆ ಇನ್ನೂ ಹದಿಹರೆಯ. ಮನ್ಸೂರಿ ಎಂಬ ದೊಡ್ಡ ಯಂತ್ರವನ್ನು ಈಗಿನ ಸಿರಿಯಾದ ಒಂದು ಬೆಟ್ಟದ ಕೋಟೆಯಿಂದ ಸಾಗಿಸಬೇಕಿತ್ತು. ಅದೊಂದಕ್ಕೇ 100 ಗಾಡಿ ಬೇಕಾದವು. ಅದರಲ್ಲಿ ಒಂದು ಗಾಡಿಯ ಹೊಣೆ ಇವನದು.

ಚಳಿಗಾಲದ ಕೊನೆ. ಮಳೆ, ಹಿಮ. ಎಳೆಯುವ ಎತ್ತುಗಳು ಚಳಿ ತಡೆಯಲಾಗದೆ ದಾರಿಯಲ್ಲೇ ಸತ್ತವು. ಕುದುರೆಯ ಮೇಲೆ ಎಂಟು ದಿನದ ದಾರಿ, ಗಾಡಿಗಳಿಗೆ ಒಂದು ತಿಂಗಳು ಹಿಡಿಯಿತು. ಇದನ್ನೆಲ್ಲ ಅವನೇ ಬರೆದಿಟ್ಟಿದ್ದಾನೆ. ಆ ಮೇ 18ರಂದು ಏಕರ್ ಬಿತ್ತು.

ಸಾಗಿಸುವುದು ಇಷ್ಟು ಕಷ್ಟವಾದ್ದರಿಂದ ಎಷ್ಟೋ ಕಡೆ ಬಡಗಿಗಳನ್ನು, ಕಬ್ಬಿಣದ ಸಾಮಾನನ್ನು, ಹಗ್ಗವನ್ನು ಮಾತ್ರ ಒಯ್ದು, ಮರವನ್ನು ಅಲ್ಲೇ ಕಡಿದು ಕಟ್ಟುತ್ತಿದ್ದರು.

ಚೀನಾದಲ್ಲಿ ಹುಟ್ಟಿದ ಯಂತ್ರದಿಂದ ಚೀನಾವನ್ನೇ ಸೋಲಿಸಿದ್ರಂತೆ, ಹೌದಾ?

ಹೌದು, ಮತ್ತು ಆ ಕಥೆ ಚೆನ್ನಾಗಿದೆ. ಕುಬ್ಲಾಯ್ ಖಾನನ ಮಂಗೋಲ್ ಸೇನೆ ದಕ್ಷಿಣ ಚೀನಾದ ಸಾಂಗ್ ರಾಜ್ಯದ ಹೆಬ್ಬಾಗಿಲಾಗಿದ್ದ ಶ್ಯಾಂಗ್‌ಯಾಂಗ್ ಮತ್ತು ಅದರ ಎದುರು ದಡದ ಫಾನ್‌ಚೆಂಗ್ ನಗರಗಳನ್ನು ವರ್ಷಗಟ್ಟಲೆ ಸುತ್ತುವರಿದಿತ್ತು. ಚೀನೀಯರಿಗೆ ಹಗ್ಗ ಎಳೆಯುವ ಯಂತ್ರ ಸಾವಿರ ವರ್ಷಗಳಿಂದ ಗೊತ್ತು. ಆದರೆ ಭಾರದ ಯಂತ್ರ ಅಲ್ಲಿಗೆ ಇನ್ನೂ ಬಂದಿರಲಿಲ್ಲ. ಪರ್ಷಿಯಾದಲ್ಲಿ ಆಳುತ್ತಿದ್ದ ತನ್ನ ಬಳಗದ ಅಬಾಕಾ ಖಾನನನ್ನು ಕುಬ್ಲಾಯ್ ಕೇಳಿದ. ಅವನು ಇಸ್ಮಾಯಿಲ್, ಅಲಾವುದ್ದೀನ್ ಎಂಬ ಇಬ್ಬರು ಕುಶಲಕರ್ಮಿಗಳನ್ನು ಕಳಿಸಿಕೊಟ್ಟ. ಅವರು ಕಟ್ಟಿದ ಯಂತ್ರ 90 ಕೆಜಿ ಆಸುಪಾಸಿನ ಕಲ್ಲನ್ನು ಎಸೆಯಿತು. 1273ರ ಆರಂಭದಲ್ಲಿ ಫಾನ್‌ಚೆಂಗ್ ಬಿತ್ತು, ಸ್ವಲ್ಪ ದಿನದಲ್ಲೇ ಶ್ಯಾಂಗ್‌ಯಾಂಗ್ ಶರಣಾಯಿತು.

ಈ ಯಂತ್ರ ಕಟ್ಟಿಸಿದ್ದು ತನ್ನ ಮನೆಯವರೇ ಎಂದು ಮಾರ್ಕೊ ಪೋಲೋನ ಪ್ರವಾಸ ಕಥನ ಹೇಳುತ್ತದೆ. ಅದು ಆಗದ ಮಾತು. ಅವನು ಕುಬ್ಲಾಯ್‌ನ ಆಸ್ಥಾನ ತಲುಪುವ ಹೊತ್ತಿಗೆ ಮುತ್ತಿಗೆ ಮುಗಿದು ಎರಡು ವರ್ಷ ಹತ್ತಿರವಾಗಿತ್ತು.

ಹೆಣಗಳನ್ನ ಎಸೆದು ಪ್ಲೇಗ್ ಹರಡಿಸಿದ್ರು ಅಂತಾರಲ್ಲ?

1346ರಲ್ಲಿ ಕಪ್ಪು ಸಮುದ್ರದ ದಡದ ಕಾಫಾ ಪಟ್ಟಣದ ಕಥೆ ಅದು. ಮುತ್ತಿಗೆ ಹಾಕಿದ್ದ ಮಂಗೋಲರಲ್ಲಿ ಪ್ಲೇಗ್ ಹರಡಿತು, ಅವರು ಸತ್ತವರನ್ನು ಯಂತ್ರದಲ್ಲಿಟ್ಟು ಊರೊಳಗೆ ಎಸೆದರು ಎಂದು ಇಟಲಿಯ ಗಾಬ್ರಿಯೆಲೆ ದೆ ಮುಸ್ಸಿ ಬರೆದಿದ್ದಾನೆ. ಅವನು ಆಗ ಕಾಫಾದಲ್ಲಿ ಇರಲಿಲ್ಲ, ಕೇಳಿದ್ದನ್ನು ಬರೆದ. ಎಸೆದಿರಬಹುದು. ಆದರೆ ಯುರೋಪಿನ ಮಹಾಮಾರಿಗೆ ಅದೇ ಕಾರಣ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಇಲಿ, ಚಿಗಟಗಳಿಗೆ ಕೋಟೆ ಗೋಡೆ ದಾಟಲು ಯಂತ್ರ ಬೇಕಿಲ್ಲ, ಹಡಗುಗಳು ಬೇರೆ ಓಡಾಡುತ್ತಲೇ ಇದ್ದವು.

## ನಮ್ಮ ಕಡೆ

ಭಾರತದಲ್ಲಿ ಇಂಥದ್ದು ಇತ್ತಾ?

ಇತ್ತು. ಸಿಂಧೂ ನದಿಯ ಮುಖದ ಹತ್ತಿರದ ದೇಬಲ್ ಪಟ್ಟಣವನ್ನು 711-12ರ ಸುಮಾರಿಗೆ ಮುಹಮ್ಮದ್ ಬಿನ್ ಖಾಸಿಂ ಮುತ್ತಿದಾಗ 500 ಜನ ಎಳೆಯುವ ಮಂಜನೀಕ್ ತಂದಿದ್ದ. ಅದರ ಹೆಸರು ಅರೂಸ್, ಅಂದರೆ ಮದುವಣಗಿತ್ತಿ. ಊರಿನ ಗುಡಿಯ ಎತ್ತರದ ಧ್ವಜಸ್ತಂಭವನ್ನು ಅದರ ಕಲ್ಲು ಉರುಳಿಸಿತು.

ಒಳಗಿದ್ದವರೂ ಇವನ್ನು ಬಳಸುತ್ತಿದ್ದರು. 1301ರಲ್ಲಿ ಅಲಾವುದ್ದೀನ್ ಖಿಲ್ಜಿಯ ಸೇನೆ ರಣಥಂಬೋರ್ ಕೋಟೆಯ ಕೆಳಗೆ ಕುಳಿತಿದ್ದಾಗ, ಕೋಟೆಯಿಂದ ಹಾರಿಬಂದ ಕಲ್ಲೊಂದು ಅವನ ಮುಖ್ಯ ಸೇನಾಪತಿ ನುಸ್ರತ್ ಖಾನನಿಗೆ ತಗುಲಿ, ಅವನು ಅದರಿಂದಲೇ ಸತ್ತ. ಆಮೇಲೆ ಸುಲ್ತಾನನೇ ದೆಹಲಿಯಿಂದ ಹೊರಟು ಬರಬೇಕಾಯಿತು.

ಕರ್ನಾಟಕದಲ್ಲಿ? ನಮ್ಮ ಕೋಟೆಗಳಲ್ಲಿ ಯಾರೂ ಬಳಸಿಲ್ವಾ?

ರಾಯಚೂರು. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಆದಿಲ್ ಶಾಹಿಗಳಿಂದ ಆ ಕೋಟೆಯನ್ನು ಗೆದ್ದ. ಅದರ ವಿವರ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಕೋಟೆಯೊಳಗೆ ಏನೇನಿತ್ತು ಎಂದು ಪಟ್ಟಿ ಕೊಡುತ್ತಾನೆ: 8,000 ಸೈನಿಕರು, 400 ಕುದುರೆ, 20 ಆನೆ, ದೊಡ್ಡ ಕಲ್ಲುಗಳನ್ನು ಎಸೆದು ತುಂಬಾ ಹಾನಿ ಮಾಡುವ 30 ಯಂತ್ರಗಳು. ಆ ಯಂತ್ರಕ್ಕೆ ಅವನು ಬಳಸಿದ ಪೋರ್ಚುಗೀಸ್ ಪದ ತ್ರಬೂಕು. ಟ್ರೆಬುಶೆಯ ಬಳಗದ್ದೇ ಪದ ಅದು. ಅದೇ ಗೋಡೆಗಳ ಮೇಲೆ 200 ದೊಡ್ಡ ಫಿರಂಗಿಗಳೂ ಇದ್ದವು ಎನ್ನುತ್ತಾನೆ. ಹಳೆಯದೂ ಹೊಸದೂ ಒಂದೇ ಕೋಟೆಯಲ್ಲಿ!

ಹೊರಗಿದ್ದ ವಿಜಯನಗರದವರು ಗೋಡೆ ಒಡೆದ ಬಗೆ ಇನ್ನೂ ಸೋಜಿಗ. ಹಾರೆ, ಪಿಕಾಸಿ ಹಿಡಿದು ಗೋಡೆಯ ಬುಡಕ್ಕೇ ನುಗ್ಗಿ ಕಲ್ಲು ಕಿತ್ತರು. ಕಿತ್ತು ತಂದ ಕಲ್ಲಿಗೆ ಅದರ ಗಾತ್ರ ನೋಡಿ ದಂಡನಾಯಕರು ದುಡ್ಡು ಕೊಡುತ್ತಿದ್ದರು. ಮೇಲಿನಿಂದ ಬೀಳುವ ಕಲ್ಲಿನಡಿ ನಿಂತು, ಗೋಡೆಯ ಕಲ್ಲು ಕೀಳುತ್ತಿದ್ದ ಆ ಜನರನ್ನು ನೆನೆಸಿಕೊಂಡೇ ನಾನು ಪ್ರತಿ ಸಲ ರಾಯಚೂರಿನ ಕೋಟೆ ನೋಡುವುದು.

ಕನ್ನಡದಲ್ಲಿ ಇಂಥ ಯಂತ್ರಕ್ಕೆ ಡೆಂಕಣಿ ಎಂಬ ಹಳೆಯ ಪದವೂ ಇದೆ. ಎಷ್ಟು ಚೆಂದದ ಪದ! ಮತ್ತೆ ಬಳಕೆಗೆ ಬಂದರೆ ನನಗೆ ಖುಷಿ.

## ಇನ್ನೂ ಸ್ವಲ್ಪ ಆಳಕ್ಕೆ

ಫಿರಂಗಿ ಬಂದ ತಕ್ಷಣ ಇದನ್ನ ಬಿಟ್ಟುಬಿಟ್ರಾ?

ಇಲ್ಲ, ನೂರು ವರ್ಷಕ್ಕೂ ಜಾಸ್ತಿ ಎರಡೂ ಜೊತೆಗಿದ್ದವು. ಮೊದಲ ಫಿರಂಗಿಗಳು ಚಿಕ್ಕವು, ಕೆಲವು ಸಲ ಹಾರಿಸುವವರ ಕೈಯಲ್ಲೇ ಸಿಡಿಯುತ್ತಿದ್ದವು. 1480ರಲ್ಲಿ ಆಟೊಮನ್ ತುರ್ಕರ ಸೇನೆ ರೋಡ್ಸ್ ದ್ವೀಪವನ್ನು ಮುತ್ತಿದಾಗಲೂ ಒಳಗಿದ್ದವರು ಒಂದು ಟ್ರೆಬುಶೆ ಕಟ್ಟಿ ಶತ್ರುವಿನ ಫಿರಂಗಿಗಳ ಮೇಲೆ ಬಂಡೆ ಎಸೆದರು. ಸುಲ್ತಾನ ಕೇಳಿದ್ದ ಕಪ್ಪಕಾಣಿಕೆ ಇದೇ ಎಂದು ಅದಕ್ಕೆ ಕಪ್ಪ ಎಂದೇ ಹೆಸರಿಟ್ಟರು.

1521ರಲ್ಲಿ ಮೆಕ್ಸಿಕೋದ ಟೆನೋಚ್ಟಿಟ್ಲಾನ್ ಮುತ್ತಿಗೆಯಲ್ಲಿ ಸಿಡಿಮದ್ದು ಕಡಿಮೆಯಾದಾಗ ಕೊರ್ಟೆಸ್‌ನ ಸ್ಪೇನ್ ಸೈನಿಕರೂ ಒಂದು ಕಟ್ಟಿದರು. ಎಸೆದ ಕಲ್ಲು ನೆಟ್ಟಗೆ ಮೇಲೇರಿ, ಹೊರಟ ಜಾಗಕ್ಕೇ ಬಿತ್ತು ಎಂದು ಅಲ್ಲಿದ್ದ ಬೆರ್ನಾಲ್ ದಿಯಾಸ್ ಬರೆದಿದ್ದಾನೆ. ಅವರಲ್ಲಿ ಕಟ್ಟಿ ಬಲ್ಲವರು ಯಾರೂ ಇರಲಿಲ್ಲ. ಕೈಕೆಲಸ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟದಿದ್ದರೆ ಆಗುವುದೇ ಇದು.

ಭಾರದ ಪೆಟ್ಟಿಗೆಯನ್ನ ಮರಕ್ಕೆ ಗಟ್ಟಿ ಕಟ್ಟಬೇಕಾ, ತೂಗಾಡೋಕೆ ಬಿಡಬೇಕಾ?

ತೂಗುಬಿಡುವುದು ಮೇಲು. ಗಟ್ಟಿಯಾಗಿ ಕಟ್ಟಿದರೆ ಭಾರ ಮರದ ಜೊತೆಗೇ ವೃತ್ತದಲ್ಲಿ ತಿರುಗಬೇಕು. ಒಂದಷ್ಟು ಶಕ್ತಿ ಭಾರವನ್ನೇ ಅಡ್ಡಡ್ಡ ಓಡಿಸಲು ಖರ್ಚಾಗುತ್ತದೆ. ತೂಗುಬಿಟ್ಟ ಪೆಟ್ಟಿಗೆ ಹೆಚ್ಚು ನೇರವಾಗಿ ಕೆಳಗೆ ಬೀಳುತ್ತದೆ. ಕಲ್ಲು ಬಿಡುವ ಹೊತ್ತಿಗೆ ಭಾರವೂ ಮರವೂ ಹೆಚ್ಚುಕಡಿಮೆ ನಿಂತ ಹಾಗೆ ಆಗಿ, ಇದ್ದ ವೇಗವೆಲ್ಲ ಕಲ್ಲಿಗೆ ಸೇರಿದರೆ ಆ ಯಂತ್ರ ಚೆನ್ನಾಗಿ ಹೊಂದಿಕೊಂಡಿದೆ ಎಂದು ಅರ್ಥ. ಕಲ್ಲು ಹೋದ ಮೇಲೂ ಮರ ಧಡಬಡ ಅಂತ ಕುಣಿಯುತ್ತಿದ್ದರೆ ಶಕ್ತಿ ಪೋಲಾಗಿದೆ.

ಮಗಳ ಸ್ಕೂಲ್ ಪ್ರಾಜೆಕ್ಟ್‌ಗೆ ಚಿಕ್ಕದೊಂದು ಮಾಡಿದೀವಿ. ನಿಂಬೆಹಣ್ಣು ಹಿಂದಕ್ಕೆ ಹಾರ್ತಿದೆ! ಏನ್ ಮಾಡೋದು?

ನನ್ನ ಮೊದಲ ಮಾಡೆಲ್‌ನಲ್ಲೂ ಹೀಗೇ ಆಗಿತ್ತು. 50 ಗ್ರಾಂ ನಿಂಬೆಹಣ್ಣು, 5 ಕೆಜಿ ಮರಳಿನ ಚೀಲ, ಲೆಕ್ಕ ಎಲ್ಲ ಸರಿ. ಹಣ್ಣು ಮಾತ್ರ ನನ್ನ ತಲೆಯ ಮೇಲಿಂದ ಹಿಂದಿನ ಗೋಡೆಗೆ ಹೋಗಿ ಬಡಿಯಿತು. ತಪ್ಪು ಇದ್ದದ್ದು ಮೊಳೆಯಲ್ಲಿ.

ಹಣ್ಣು ಹಿಂದಕ್ಕೆ ಅಥವಾ ನೆಟ್ಟಗೆ ಮೇಲಕ್ಕೆ ಹೋದರೆ ಬಳೆ ಬೇಗ ಜಾರುತ್ತಿದೆ ಎಂದರ್ಥ. ಇಕ್ಕಳದಿಂದ ಮೊಳೆಯನ್ನು ಎಸೆಯುವ ದಿಕ್ಕಿಗೆ ಸ್ವಲ್ಪ ಬಗ್ಗಿಸಿ, ಆಗ ಬಳೆ ತಡವಾಗಿ ಬಿಡುತ್ತದೆ. ಹಣ್ಣು ಮುಂದೆ ನೆಲಕ್ಕೆ ಅಪ್ಪಳಿಸಿದರೆ ತಡ ಜಾಸ್ತಿಯಾಗಿದೆ, ಮೊಳೆಯನ್ನು ಸ್ವಲ್ಪ ನೆಟ್ಟಗೆ ಮಾಡಿ. ಒಂದು ಸಲಕ್ಕೆ ಕೂದಲೆಳೆಯಷ್ಟೇ ಬದಲಿಸಿ, ಪ್ರತಿ ಎಸೆತದ ದೂರವನ್ನು ಮಗಳ ಕೈಯಲ್ಲೇ ಬರೆಸಿ. ಮೊಳೆ ತುಕ್ಕು ಹಿಡಿದಿದ್ದರೆ ಉಜ್ಜಿ ನುಣುಪು ಮಾಡಿ, ಇಲ್ಲದಿದ್ದರೆ ಒಂದು ಸಲ ಜಾರಿದ ಹಾಗೆ ಇನ್ನೊಂದು ಸಲ ಜಾರುವುದಿಲ್ಲ. ಎಸೆಯುವಾಗ ಯಂತ್ರದ ಮುಂದೆಯೂ ಹಿಂದೆಯೂ ಯಾರೂ ನಿಲ್ಲಬಾರದು, ಪಕ್ಕದಲ್ಲಿ ನಿಂತು ಉದ್ದ ದಾರದಿಂದ ಕೊಕ್ಕೆ ಎಳೆಯಿರಿ.